ಕೊಳಗದ ವ್ಯಾಜ್ಯವೂ ಶಾಸಕ ಶಾಂತವೇರಿ ಗೋಪಾಲಗೌಡರೂ

ಕೊಳಗವೆಂಬ ಮಾನವು ನಮ್ಮ ಶಿಲಾಶಾಸನಗಳಲ್ಲಿ ಪದೇ ಪದೇ ಬರುವುದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕವು ಶಾಸನಪಾಠಕರಿಗೆ ವಿದಿತವೇ ಆಗಿದೆ. ಶಾಸನವೆಂದರೆ ಕಲ್ಲಿನ ಬರಹವೂ ಹೌದು, ಸಭೆಯು ವಿಧಿಸುವ ಕಟ್ಟಳೆಯೂ ಹೌದು. ಈ ಎರಡರ್ಥಗಳಿಗೂ ಸೇರಿದ ಆ ಕೊಳಗವೇ ಇಪ್ಪತ್ತನೆಯ ಶತಮಾನದಲ್ಲಿ ಒಬ್ಬ ಶಾಸಕರ ಚರಿತ್ರೆಗೆ ದಾರಿಯಾಯಿತೆಂಬುದು ವಿಚಾರಾರ್ಹವಾಗಿದೆ.

ಶಾಂತವೇರಿ ಗೋಪಾಲಗೌಡರು 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದರು. ವಿದ್ಯಾರ್ಥಿದಶೆಯಲ್ಲಿಯೇ 1942ರ ಚಳವಳಿಯಲ್ಲಿ ಸೆರೆವಾಸವನ್ನನುಭವಿಸಿ, ಬಳಿಕ ಸಮಾಜವಾದಿ ಪಕ್ಷವನ್ನು ಸೇರಿದರು. ಆ ಕಾಲದಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಜನಾಂಗದ ಗೇಣಿದಾರರು ಒಡೆಯರ ಗದ್ದೆಗಳನ್ನು ಉತ್ತು ಭತ್ತವನ್ನು ಗೇಣಿಯಾಗಿ ಅಳೆಯುತ್ತಿದ್ದರು. ಅಳೆದುಕೊಳ್ಳುವ ಕೊಳಗವು ಸರ್ಕಾರದ ಕೊಳಗಕ್ಕಿಂತ ದೊಡ್ಡದೆಂಬುದು ಅವರ ದೂರು. ಎಚ್. ಗಣಪತಿಯಪ್ಪನವರು ಇವರನ್ನು ಸಂಘಟಿಸಿದರು. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹವು ಆರಂಭವಾಗಲು ಗೌಡರೂ ಅವರ ಪಕ್ಷದವರೂ ಅದಕ್ಕೆ ಹೆಗಲುಕೊಟ್ಟರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಅವರೇ ಅಲ್ಲಿಗೆ ಬಂದು ಬಂಧಿತರಾದರು. ಪಾತ್ರೆಯೊಂದರ ಗಾತ್ರವನ್ನು ಕುರಿತು ಹುಟ್ಟಿದ ವ್ಯಾಜ್ಯವು ಭೂಮಿಯು ಯಾರದೆಂಬ ಪ್ರಶ್ನೆಯಾಗಿ ಬೆಳೆದುದು ಹೀಗೆ.

1952ರ ಚುನಾವಣೆಯಲ್ಲಿ ಸಾಗರ–ಹೊಸನಗರದ ಮತದಾರರು, ಮೂವತ್ತು ವರ್ಷವೂ ತುಂಬದ ಗೌಡರನ್ನು ಮೈಸೂರು ವಿಧಾನಸಭೆಗೆ ಕಳುಹಿದರು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮಂತ್ರಿಪದವಿಯು ಅವರಿಗೆ ಬರಲಿಲ್ಲ. ಸದಾ ವಿರೋಧಪಕ್ಷದ ಆಸನವೇ ಅವರದಾಗಿತ್ತು. ಆದಕಾರಣ ಅವರನ್ನು ಚಳವಳಿಗಾರರೆಂದು ಹೊಗಳಿ, ಶಾಸಕರೆಂಬುದನ್ನು ಮರೆಯುವವರುಂಟು. ಇದು ಸಮಂಜಸವೆಂದು ನನಗೆ ತೋರುವುದಿಲ್ಲ. ಉಳುವವನಿಗೇ ನೆಲವೆಂಬ ವಾದವನ್ನು ಗೇಣಿದಾರನ ಅಂಗಳದಿಂದೆತ್ತಿ ಸಭಾಭವನದಲ್ಲಿಟ್ಟು ಬಿಡದೆ ನುಡಿಯುವುದೂ ಶಾಸಕಧರ್ಮವೇ ಅಲ್ಲವೆ? 1961ರ ಭೂಸುಧಾರಣಾ ಕಾಯಿದೆಯು ಜಾರಿಗೆ ಬಂದುದೇ 1965ರಲ್ಲಿ. ಗೇಣಿದಾರನಿಗೆ ಒಡೆತನದ ಹಾದಿಯನ್ನು ನಿಜವಾಗಿ ತೆರೆದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ನಡೆಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿರಬೇಕೆಂಬ ಅವರ ಇನ್ನೊಂದು ವಾದವು 1973ರ ನವೆಂಬರ್ 1ರಂದು ಫಲಿಸಿತು. ಗೌಡರಾದರೋ 1972ರ ಜೂನಿನಲ್ಲಿಯೇ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಸಾಹಿತ್ಯವನ್ನು ಬೋಧಿಸುವವರಿಗೆ ಒಂದು ಮಾತು. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಇವರ ಛಾಯೆಯುಂಟೆಂಬುದು ಪ್ರಸಿದ್ಧವಾಗಿದೆ. ಆದರೆ ಕಾದಂಬರಿಯ ಪಾತ್ರಕ್ಕೊದಗುವ ಮನಃಸ್ಥಿತಿಗಳನ್ನು ಗೌಡರ ಜೀವನಚರಿತ್ರೆಗೆ ಪ್ರಮಾಣವಾಗಿ ಸ್ವೀಕರಿಸಲಾಗದು. ಅದಕ್ಕೆ ಸಭೆಯ ನಡವಳಿಯ ಸಂಪುಟಗಳನ್ನೇ ತೆರೆದು ನೋಡಬೇಕು.