ದಿವಾಳಿಯ ಕಾಯದೆಯೂ ಹುಸಿ ರೋಖೆಯೂ

ಸಾಲ ತೀರಿಸಲಾರದವನನ್ನು ನಮ್ಮ ಭಾಗದಲ್ಲಿ ದಿವಾಳಿ ತೆಗೆದವನೆಂದೂ ಕಚೇರಿಯ ಮಾತಿನಲ್ಲಿ ನಾದಾರನೆಂದೂ ಕರೆಯುವುದುಂಟು. ಮೈಸೂರು ಸೀಮೆಯವರು ‘ಪಾಪರ್ ಚೀಟಿ’ ಎನ್ನುತ್ತಾರೆ. ಈ ಮಾತುಗಳಲ್ಲಿ ಮರುಕಕ್ಕಿಂತ ಸಂಶಯವೇ ಹೆಚ್ಚು. ಕಷ್ಟಕ್ಕೊದಗಬೇಕಾದ ಕಾಯದೆಗೆ ಈ ಸಂಶಯ ಅಂಟಿದ್ದೇಕೆಂಬುದನ್ನು ನಾವಿಲ್ಲಿ ವಿಚಾರಿಸುವೆವು.

ಬೆಳುಂಕಿಯಿರುವ ಜತ್ತ ತಾಲೂಕಿನ ಇತಿಹಾಸದಲ್ಲಿಯೇ ಸಾಲ ತೀರುವೆಯ ಒಂದು ನೇರ ನಿದರ್ಶನವುಂಟು. ಜತ್ತದ ಡಫಳೆ ಮನೆತನದ ಸಾಲಕ್ಕಾಗಿ ಸಾತಾರೆಯ ಅರಸರು 1827ರಲ್ಲಿ ಜಹಗೀರನ್ನು ಜಪ್ತಿ ಮಾಡಿದರು. ಸಾಲ ಮುಟ್ಟಿದ ಬಳಿಕ 1841ರಲ್ಲಿ ಅದು ಮರಳಿ ಮನೆತನದ ಕೈಸೇರಿತು. ಆದರೆ ಸಾಮಾನ್ಯ ರೈತನಿಗಾಗಿ ಹದಿನಾಲ್ಕು ವರುಷ ಕಾಯುವ ಸಾವಕಾರರಿರಲಿಲ್ಲ.

1875ರಲ್ಲಿ ಪುಣೆ ಜಿಲ್ಲೆಯ ಸೂಪೆಯಲ್ಲಿ ರೈತರು ದಂಗೆಯೆದ್ದರು; ದಂಗೆ ಹಬ್ಬಿದಲ್ಲೆಲ್ಲ ರೋಖೆಗಳು ಬೆಂಕಿಗೆ ಬಿದ್ದವು. ಇದರ ಫಲವಾಗಿ ಬಂದ 1879ರ ದಖ್ಖನ ರೈತರ ಪರಿಹಾರ ಕಾಯದೆಯು ಪುಣೆ, ಅಹಮದನಗರ, ಸೊಲ್ಲಾಪುರ, ಸಾತಾರಾ ಜಿಲ್ಲೆಗಳಿಗೆ ಅನ್ವಯಿಸಿತು. ರೈತನು ನಾದಾರಿ ಅರ್ಜಿ ಕೊಡಲು ಅದರಲ್ಲಿ ಅವಕಾಶವಿತ್ತು. ಅದಕ್ಕೂ ಮಹತ್ವದ್ದೆಂದರೆ, ರೋಖೆಯ ಮೊತ್ತವನ್ನೇ ನಂಬದೆ ವ್ಯವಹಾರದ ಮೊದಲಿನಿಂದ ಲೆಕ್ಕ ತೆಗೆಯುವ ಹೊಣೆ ನ್ಯಾಯಾಧೀಶನ ಮೇಲೆ ಬಿತ್ತು.

ಮುಂದೆ, ಮುಂಬಯಿ, ಕಲಕತ್ತೆ, ಮದ್ರಾಸು ಪಟ್ಟಣಗಳ ಹೊರಗಿನ ಪ್ರದೇಶಕ್ಕೆಂದು 1920ರ ಪ್ರಾಂತೀಯ ದಿವಾಳಿ ಕಾಯದೆ ಬಂದಿತು. ಇದರಂತೆ ನಾದಾರನ ಆಸ್ತಿ ಕೋರ್ಟಿನ ಇಲ್ಲವೆ ರಿಸೀವರನ ವಶವಾಗಿ, ಬಂದ ಹಣ ಸಾಲ ಕೊಟ್ಟವರಿಗೆ ಅವರವರ ಸಾಲದ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಮೋಸಕ್ಕೆ ದಾರಿ ಇಲ್ಲಿಯೇ. ಆಸ್ತಿ 1,000 ರೂಪಾಯಿ, ನಿಜವಾದ ಸಾಲ 2,000 ಎಂದಿಟ್ಟುಕೊಳ್ಳೋಣ; ರೂಪಾಯಿಗೆ ಎಂಟಾಣೆ ಮುಟ್ಟಬೇಕು. ಸಾಲ ಹೊತ್ತವನು ತನ್ನ ಗೆಳೆಯನ ಹೆಸರಿಗೆ 3,000ದ ಹುಸಿ ರೋಖೆ ಬರೆದುಕೊಟ್ಟರೆ ಒಟ್ಟು ಸಾಲ 5,000 ಆಗುವುದು. ಆಗ 600 ರೂಪಾಯಿ ಗೆಳೆಯನ ಪಾಲು, ನಿಜವಾಗಿ ಕೊಟ್ಟವರಿಗೆ ಬರಿಯ 400. ಆ 600 ಹಿತ್ತಿಲ ಬಾಗಿಲಿನಿಂದ ಮೊದಲಿನ ಮನೆಗೇ ಸೇರುತ್ತದೆ.

ಕಾಯದೆ ಮಾಡಿದವರು ಇದನ್ನು ಅರಿಯದವರಲ್ಲ. ಸರಿಯಾದ ಬೆಲೆ ಪಡೆಯದೆ ಎರಡು ವರುಷದೊಳಗೆ ಮಾಡಿದ ಆಸ್ತಿ ವರ್ಗಾವಣೆಯನ್ನೂ, ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಒಬ್ಬನಿಗೇ ಒಲವು ತೋರಿ ಮಾಡಿದ ಪಾವತಿಯನ್ನೂ ರದ್ದುಪಡಿಸಬಹುದು. ತಪ್ಪಾಗಿ ಸೇರಿದ ಸಾಲವನ್ನು ಪಟ್ಟಿಯಿಂದ ತೆಗೆಯಿಸಬಹುದು. ವಂಚಿಸಿದ ನಾದಾರನಿಗೆ ಒಂದು ವರುಷದವರೆಗೆ ಸೆರೆಯೂ ಉಂಟು. ಆದರೆ ಬಡ ಸಾಲದಾತನು ಕೋರ್ಟಿಗೆ ಅಲೆದು ತಕರಾರು ಮಾಡದಿದ್ದರೆ ಹುಸಿ ರೋಖೆಯೇ ಗೆಲ್ಲುವ ಭಯವಿದೆ.

ಕಂಪನಿಗಳ ಕಾಲದಲ್ಲಿಯೂ ಕಥೆ ಬದಲಾಗಲಿಲ್ಲ. 2016ರ ಸಂಹಿತೆಯು ಕಂಪನಿಗೆ ಸಂಬಂಧಪಟ್ಟ ಸಾಲದಾತರಿಗೆ ಸಾಲದಾತರ ಸಮಿತಿಯಲ್ಲಿ ಮತ ಕೊಟ್ಟಿಲ್ಲ. ವಂಚನೆಯಿಂದ ಹೂಡಿದ ಅರ್ಜಿಗೆ 1 ಲಕ್ಷದಿಂದ 1 ಕೋಟಿಯವರೆಗೆ ದಂಡ ವಿಧಿಸಿದೆ. 2021ರ ಫೀನಿಕ್ಸ್–ಸ್ಪೇಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಳಸಂಚಿನ ಸಾಲಗಳನ್ನು ಗುರುತಿಸಿ, ಅಂಥವರನ್ನು ಸಮಿತಿಯಿಂದ ಹೊರಗಿಟ್ಟಿತು.

ಸಾವಕಾರನ ಸುಳ್ಳಿನಿಂದ ರೈತನನ್ನು ಕಾಯಲೆಂದು 1879ರಲ್ಲಿ ತೆರೆದ ದಾರಿಯೇ, ಸಾಲಿಗನ ಸುಳ್ಳಿನಿಂದ ಸಾಲದಾತನನ್ನು ಕಾಯುವ ದಾರಿಯೂ ಹೌದೆಂದು ನಮಗೆ ತೋರುತ್ತದೆ: ರೋಖೆಯ ಹಿಂದಿನ ವ್ಯವಹಾರವನ್ನು ಕೆದಕಿ ನೋಡುವುದು. ತಾಮ್ರಪಟ ದೊರೆತೊಡನೆ ನಾವು ಅದನ್ನು ನಂಬುವುದಿಲ್ಲ. ಲಿಪಿ, ತಿಥಿ, ವಂಶಾವಳಿಗಳನ್ನು ತಾಳೆ ನೋಡಿ ಕೂಟಶಾಸನವನ್ನು ಬೇರ್ಪಡಿಸುತ್ತೇವೆ. ಅದೇ ಪರೀಕ್ಷೆ ರೋಖೆಗೂ ಸಲ್ಲಬೇಕು. ಹಾಗಾದರೆ ಮಾತ್ರ ಮಳೆ ಕೈಕೊಟ್ಟು ನಿಜವಾಗಿ ಸೋತ ರೈತನು ತಲೆ ತಗ್ಗಿಸದೆ ಕಾಯದೆಯ ಬಾಗಿಲಿಗೆ ಬಂದಾನು.