ಮಂಚಿಗೆ

ಬೆಳೆ ಕಾಯಲು ಅಥವಾ ಬೇಟೆಗೆ ಹೊಂಚಿ ಕೂರಲು ಮರದ ಕವಲಿನಲ್ಲೋ ನೆಟ್ಟ ಕಂಬಗಳ ಮೇಲೋ ಕಟ್ಟುವ ಎತ್ತರದ ತಾತ್ಕಾಲಿಕ ಆಸನ. ಶಿಕಾರಿ ಬರಹಗಳಲ್ಲಿ ಮಚಾನು ಎಂಬ ಹೆಸರು ರೂಢಿ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಇದು ಮುಖ್ಯವಾಗಿ ಹೊಲದ ಸಾಧನ; ಜೋಳ ಹಾಲುಗಾಳಾದಾಗ ಕಾವಲುಗಾರರು ಇದರ ಮೇಲಿಂದ ಕವಣೆ ಬೀಸಿ ಹಕ್ಕಿ ಓಡಿಸುತ್ತಾರೆ.

ಕಂಬಕ್ಕೆ ಜಾಲಿ, ಅಡ್ಡಗಳುವಿಗೆ ಬಿದಿರು, ಬಿಗಿಯಲು ಪುಂಡಿನಾರಿನ ಹಗ್ಗ, ಹಾಸಲು ಕಣಿಕೆ, ಮೇಲೊಂದು ಕಂಬಳಿ. ಬಹುಪಾಲು ಹೊಲದಲ್ಲೇ ಸಿಗುವುದರಿಂದ ಖರ್ಚು ಅಲ್ಪ. ರಾತ್ರಿಯಿಡೀ ಕೂರಲು ಹಗ್ಗದ ಹೊರಸನ್ನು ಕವಲಿಗೆ ಕಟ್ಟುವುದೇ ಲೇಸು: ಹೆಣಿಗೆ ಮೈಭಾರಕ್ಕೆ ತಕ್ಕಂತೆ ಬಾಗುತ್ತದೆ, ಹಲಗೆಯ ಅಂಚಿನಂತೆ ತೊಡೆಯನ್ನು ಒತ್ತಿ ಕಾಲು ಜೋಮುಗಟ್ಟಿಸುವುದಿಲ್ಲ. ಬೆಂಗಳೂರಿನ ಬೇಟೆ ಲೇಖಕ ಕೆನೆತ್ ಆಂಡರ್ಸನ್ (1910–1974) ಬಳಸಿದ್ದೂ ಇಂಥ ಮಂಚವನ್ನೇ. ಇದೇ ಕೆಲಸಕ್ಕೆ ಅಮೆರಿಕದ ಬೇಟೆಗಾರರು ಬಳಸುವ, ಮರಕ್ಕೆ ಕಟ್ಟುವ ಜೀನಿನಲ್ಲಿ (ಟ್ರೀ ಸ್ಯಾಡಲ್) ಅಟ್ಟವಿಲ್ಲ. ಸೊಂಟ, ತೊಡೆಗಳನ್ನು ಹೊರುವ ಅಗಲ ಪಟ್ಟಿಯನ್ನು ಹಗ್ಗದಿಂದ ಕಾಂಡಕ್ಕೆ ಬಿಗಿಯುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಮಂಚಿಗೆ ಕಾನೂನಿನ ಆಸರೆ ಕಳೆದುಕೊಂಡಿತು.