ನಿಮ್ಹಾನ್ಸ್: ಮನೋರೋಗ ಚಿಕಿತ್ಸೆ ಜನರ ಬಳಿಗೆ ಬಂದ ಬಗೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಅಂದರೆ ಜನಬಳಕೆಯ ನಿಮ್ಹಾನ್ಸ್‌ನ, ಮೂಲವು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಈ ನಗರದಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯಲ್ಲಿದೆ. ಮನೋರೋಗಿಗಳನ್ನು ಸಮಾಜದಿಂದ ಬೇರ್ಪಡಿಸಿ ಕಾವಲಿನಲ್ಲಿ ಇಡುವುದೇ ಅಂದಿನ ಇಂಥ ಆಶ್ರಯಗಳ ಮುಖ್ಯ ಕೆಲಸವಾಗಿತ್ತು. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆಯೆಂದು ಮರುನಾಮಕರಣ ಮಾಡಿದ ಮೇಲೆ ರೋಗಿಯನ್ನು ಗುಣಪಡಿಸುವ ಉದ್ದೇಶ ಮುಂದಕ್ಕೆ ಬಂದಿತು; ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಫ್ರಾಂಕ್ ನೊರೋನ್ಹಾ ಅವರ ಶ್ರಮ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲದಿಂದ 1930ರ ದಶಕದಲ್ಲಿ ಆಸ್ಪತ್ರೆ ಇಂದಿನ ವಿಶಾಲವಾದ ನಿವೇಶನಕ್ಕೆ ಬಂದು ನೆಲೆಸಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿ 1946ರಲ್ಲಿ ವರದಿ ನೀಡಿದ ಭೋರ್ ಸಮಿತಿ ದೇಶದಲ್ಲಿ ಮನೋವೈದ್ಯರ ತೀವ್ರ ಕೊರತೆಯನ್ನು ಎತ್ತಿ ತೋರಿಸಿ ತರಬೇತಿಯ ವ್ಯವಸ್ಥೆಯನ್ನು ಶಿಫಾರಸು ಮಾಡಿತ್ತು. ಅದಕ್ಕನುಗುಣವಾಗಿ 1954ರಲ್ಲಿ ಇದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರಾದರು. ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೂ, ಅಂದರೆ ರೋಗಿಯ ಬುದ್ಧಿ, ಭಾವ, ವರ್ತನೆಗಳನ್ನು ಪರೀಕ್ಷಿಸಿ ಮಾತಿನ ಮೂಲಕ ಚಿಕಿತ್ಸೆ ನೀಡುವ ತಜ್ಞರನ್ನೂ, ಇಲ್ಲಿ ತಯಾರು ಮಾಡಿದ್ದರಿಂದ ರೋಗಿಯನ್ನು ಹಲವು ಶಾಸ್ತ್ರಗಳ ಕಣ್ಣಿನಿಂದ ನೋಡುವ ಪರಿಪಾಠ ಬೆಳೆಯಿತು. 1974ರ ಡಿಸೆಂಬರ್ 27ರಂದು ರಾಜ್ಯದ ಆಸ್ಪತ್ರೆಯೂ ಕೇಂದ್ರದ ಶಿಕ್ಷಣ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮ ಅದರ ಮೊದಲ ನಿರ್ದೇಶಕರಾಗಿ, ಮನಸ್ಸಿನ ಕಾಯಿಲೆ ಮತ್ತು ಮಿದುಳಿನ ಕಾಯಿಲೆಗಳ ಅಧ್ಯಯನವನ್ನು ಒಂದೇ ಸೂರಿನಡಿ ಮುನ್ನಡೆಸಿದರು.

ಆದರೂ ಈ ಸಂಸ್ಥೆಯ ಅತಿ ದೊಡ್ಡ ಸಾಧನೆ ನಡೆದದ್ದು ಅದರ ಆವರಣದ ಹೊರಗೆ. ತಜ್ಞರೇ ಇಲ್ಲದ ಹಳ್ಳಿಗಳಿಗೆ ಚಿಕಿತ್ಸೆ ತಲುಪಬೇಕಾದರೆ ಸಾಮಾನ್ಯ ವೈದ್ಯರಿಗೇ ಆ ವಿದ್ಯೆಯನ್ನು ಕಲಿಸಬೇಕೆಂದು ಮನಗಂಡ ಇಲ್ಲಿನ ವೈದ್ಯರು 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಯೋಗ ನಡೆಸಿ, 1980ರ ದಶಕದಲ್ಲಿ ಅದನ್ನು ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿದರು. ಅಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಲಕ್ಷಣಗಳನ್ನು ಗುರುತಿಸಿ ರೋಗಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದರೆ, ಅಲ್ಪಾವಧಿ ತರಬೇತಿ ಪಡೆದ ಅಲ್ಲಿನ ವೈದ್ಯರು ಆಯ್ದ ಕೆಲವೇ ಔಷಧಿಗಳಿಂದ ಚಿಕಿತ್ಸೆ ಆರಂಭಿಸುತ್ತಿದ್ದರು. ರೋಗಿ ಔಷಧಿ ನಿಲ್ಲಿಸದಂತೆ ನೋಡಿಕೊಳ್ಳುವ ಹೊಣೆ ಮತ್ತೆ ಕಾರ್ಯಕರ್ತರದು ಮತ್ತು ಮನೆಯವರದು. ಈ ಮಾದರಿಯ ಆಧಾರದ ಮೇಲೆಯೇ 1996ರಲ್ಲಿ ಭಾರತ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

1994ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಮಾನ್ಯತೆ, ಮರುವರ್ಷ ಸಂಶೋಧನೆಗಾಗಿ ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಸಂರಕ್ಷಿಸುವ ಮಿದುಳು ಬ್ಯಾಂಕ್, 2012ರ ಕಾಯ್ದೆಯಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆಂಬ ಸ್ಥಾನ ಇವೆಲ್ಲ ಅದರ ಕೀರ್ತಿಯನ್ನು ಹೆಚ್ಚಿಸಿವೆ. ಆದರೆ ಮನೋರೋಗವೂ ಇತರ ಕಾಯಿಲೆಗಳಂತೆ ಊರಿನ ಆಸ್ಪತ್ರೆಯಲ್ಲೇ ಚಿಕಿತ್ಸೆ ಪಡೆಯಬಹುದಾದ ಕಾಯಿಲೆ ಎಂಬುದನ್ನು ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದಕ್ಕಾಗಿ ಭಾರತದ ವೈದ್ಯಕೀಯ ಚರಿತ್ರೆ ಈ ಬೋಧನಾ ಆಸ್ಪತ್ರೆಗೆ ಹೆಚ್ಚು ಋಣಿಯಾಗಿದೆ.